ತಗ್ಗಿಸಿದ ಕಾರಿನ ತಕರಾರುಗಳು: ಯಾವ ಲಕ್ಷಣಕ್ಕೆ ಯಾವ ಅಡ್ಜಸ್ಟಬಲ್ ಪಾರ್ಟ್

ಕಾರನ್ನು 30–40 ಮಿಮೀ ತಗ್ಗಿಸಿದ ಕೆಲವೇ ವಾರಗಳಲ್ಲಿ ಒಂದಲ್ಲ ಒಂದು ದೂರು ಶುರುವಾಗುತ್ತದೆ. ಟೈರ್ ಒಳಗಡೆ ಸವೆಯುತ್ತದೆ, ಹಂಪ್ ಮೇಲೆ ಟಕ್ ಅನ್ನುತ್ತದೆ, ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತದೆ. ಆಗ ಬಹಳಷ್ಟು ಜನ ನೇರವಾಗಿ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ; ಚಕ್ರದ ತಲೆ ಒಳಗೆ ವಾಲಿದ್ದರೆ ಮೈನಸ್) ಹೊಂದಿಸುವ ಆರ್ಮ್ ತರಿಸಿಬಿಡುತ್ತಾರೆ. ಎಷ್ಟೋ ಗಾಡಿಗಳಿಗೆ ಅದು ಬೇಕೇ ಇರುವುದಿಲ್ಲ. ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಸರಿಮಾಡಿ 10 ಮಿಮೀ ಎತ್ತರಿಸಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ನಾಲ್ಕು ಆರ್ಮ್ ಬಂದು ಕೂತಿರುತ್ತವೆ. ಅಡ್ಜಸ್ಟಬಲ್ ಪಾರ್ಟ್ ಕೊಳ್ಳುವುದು ಅಳತೆಯಲ್ಲಿ ಎಷ್ಟು ಕೊರತೆ ಇದೆಯೋ ಅದನ್ನು ತುಂಬಲು. ಅಳತೆಯೇ ಇಲ್ಲದಿದ್ದರೆ ಪಾರ್ಟ್ ಆರಿಸುವುದು ಬರೀ ಅಂದಾಜು.

ಜ್ಯಾಕ್ ಹಾಕುವ ಮೊದಲು

ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ. ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟು, ಬಾಡಿಯ ಜ್ಯಾಕಿಂಗ್ ಪಾಯಿಂಟಿನ ಕೆಳಗೆ ಸ್ಟ್ಯಾಂಡ್ ಇಟ್ಟು, ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿ. ಸ್ಪ್ರಿಂಗ್ ಒತ್ತಿಕೊಂಡಿರುವಾಗ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಎರಡೂ ಸೇರಿದ ಕಂಬ) ಮೇಲಿನ ನಡುವಿನ ನಟ್ ಬಿಚ್ಚಿದರೆ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ. ಟಾಪ್ ಮೌಂಟನ್ನು ಬಾಡಿಗೆ ಹಿಡಿದಿರುವ ಸುತ್ತಲಿನ ನಟ್‌ಗಳೇ ಬೇರೆ, ನಡುವಿನದೇ ಬೇರೆ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದವರು ಸ್ಟ್ರಟ್ ಬಿಚ್ಚುವ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಬೇಕು.

ಅಳತೆಗೆ ಸಮತಟ್ಟಾದ ನೆಲ ಬೇಕು. ಗಾಳಿ ಸರಿಯಾಗಿರಲಿ, ಡಿಕ್ಕಿ ಖಾಲಿ ಇರಲಿ, ಟ್ಯಾಂಕಿನಲ್ಲಿ ಅರ್ಧದಷ್ಟು ಇಂಧನವಿರಲಿ. ಜ್ಯಾಕಿನಿಂದ ಇಳಿಸಿದ ತಕ್ಷಣ ಅಳೆದರೆ ಎಲ್ಲ ತಪ್ಪು: ತೂಗಾಡುತ್ತಿದ್ದ ಚಕ್ರ ನೆಲ ಮುಟ್ಟುವಾಗ ಪಕ್ಕಕ್ಕೆ ಜಾರಬೇಕು, ಟೈರಿನ ಹಿಡಿತ ಅದನ್ನು ಬಿಡುವುದಿಲ್ಲ. ಕಾರನ್ನು ನಾಲ್ಕೈದು ಮೀಟರ್ ಹಿಂದೆ ಮುಂದೆ ಉರುಳಿಸಿ, ಒಂದೊಂದು ಮೂಲೆಯನ್ನೂ ಎರಡು ಸಲ ಒತ್ತಿ ಬಿಡಿ.

ಎತ್ತರವನ್ನು ನೆಲದಿಂದ ಅಳೆಯುವುದು ಬೇಡ. ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದರೆ ಟೈರಿನ ಗಾಳಿಯ ಲೆಕ್ಕ ಅಡ್ಡ ಬರುವುದಿಲ್ಲ. ಕ್ಯಾಂಬರ್‌ಗೆ ರಿಮ್ಮಿನ ಮೇಲಂಚು ಕೆಳಂಚು ಎರಡಕ್ಕೂ ತಾಗುವಂತೆ ನೇರವಾದ ಪಟ್ಟಿ ಹಿಡಿದು, ಫೋನಿನ ಇಳಿಜಾರು ಅಳೆಯುವ ಆಪ್ ಇಟ್ಟು ನೋಡಿ. ಫೋನ್ ನಂಬದಿದ್ದರೆ ತೂಗುಗುಂಡು ಇಳಿಬಿಟ್ಟರೂ ಆಯಿತು: 450 ಮಿಮೀ ಉದ್ದದಲ್ಲಿ ಸುಮಾರು 8 ಮಿಮೀ ವಾಲಿದರೆ 1 ಡಿಗ್ರಿ.

ಟೋ ಅಳೆಯಲು ಎರಡು ನೇರ ಅಲ್ಯೂಮಿನಿಯಂ ಪಟ್ಟಿ, ಎರಡು ಟೇಪ್ ಸಾಕು. ಪಟ್ಟಿಗಳನ್ನು ಎಡ ಬಲ ಟೈರುಗಳ ಹೊರಮೈಗೆ ಒತ್ತಿಟ್ಟು, ಹಬ್‌ನಿಂದ 300 ಮಿಮೀ ಮುಂದೆ ಮತ್ತು 300 ಮಿಮೀ ಹಿಂದೆ ಗುರುತು ಹಾಕಿ. ಕಾರಿನ ಕೆಳಗೆ ಟೇಪ್ ಎಳೆದು ಪಟ್ಟಿಯಿಂದ ಪಟ್ಟಿಗೆ ದೂರ ಅಳೆಯಿರಿ. ಮುಂದಿನ ಅಳತೆ ಕಡಿಮೆಯಾದರೆ ಟೋ-ಇನ್, ಹೆಚ್ಚಾದರೆ ಟೋ-ಔಟ್. 600 ಮಿಮೀ ಅಂತರದಲ್ಲಿ ಸುಮಾರು 10.5 ಮಿಮೀ ವ್ಯತ್ಯಾಸವೆಂದರೆ ಎರಡೂ ಚಕ್ರ ಸೇರಿ 1 ಡಿಗ್ರಿ. ಕಂಪನಿಯ ಅಂಕಿ ಕೈಗೆ ಸಿಗದಿದ್ದರೆ ಮುಂದೆ 0–1 ಮಿಮೀ, ಹಿಂದೆ 1–3 ಮಿಮೀ ಟೋ-ಇನ್ ಇಟ್ಟು ಶುರುಮಾಡಬಹುದು.

ಟೈರಿನ ಒಳ ಅಂಚು ಬೇಗ ಸವೆಯುತ್ತಿದೆ

ಈ ದೂರಿಗೆ ಎಲ್ಲರೂ ಕ್ಯಾಂಬರನ್ನೇ ಬೈಯುತ್ತಾರೆ. ಆದರೆ ಟೈರನ್ನು ನಿಜವಾಗಿ ತಿನ್ನುವುದು ಟೋ. ಮೈನಸ್ 1.5 ಡಿಗ್ರಿ ಕ್ಯಾಂಬರ್ ಇದ್ದೂ ಟೋ ಸರಿಯಿರುವ ಟೈರ್ ನೆಮ್ಮದಿಯಾಗಿ ಬಾಳುತ್ತದೆ. ಅದೇ ಕ್ಯಾಂಬರಿಗೆ 5 ಮಿಮೀ ಟೋ-ಔಟ್ ಸೇರಿಕೊಂಡರೆ ಒಳ ಅಂಚಿನ ತಂತಿ ಕಾಣಲು ಹೆಚ್ಚು ದಿನ ಬೇಡ.

ಖರ್ಚಿಲ್ಲದ ಪರೀಕ್ಷೆ ಅಂಗೈಯದು. ಟ್ರೆಡ್ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ. ತಂತಿ ಹೊರಬಿದ್ದಿದ್ದರೆ ಮಾತ್ರ ಸವರಬೇಡಿ, ಕೈ ಕುಯ್ಯುತ್ತದೆ. ಎರಡೂ ಕಡೆಗೆ ನುಣುಪಾಗಿದ್ದು ಒಳ ಅಂಚು ಮಾತ್ರ ತಗ್ಗಾಗಿದ್ದರೆ ಕ್ಯಾಂಬರ್ ಮೇಲೆ ಅನುಮಾನ ಪಡಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಕೈಗೆ ತಡೆದರೆ ಅದು ಟೋ. ಹೊರಗಿನಿಂದ ಒಳಕ್ಕೆ ಸವರುವಾಗ ತಡೆದರೆ ಟೋ-ಔಟ್, ಒಳಗಿನಿಂದ ಹೊರಕ್ಕೆ ಸವರುವಾಗ ತಡೆದರೆ ಟೋ-ಇನ್.

ಮೊದಲ ಮದ್ದು ಅಲೈನ್‌ಮೆಂಟ್. ಮುಂದಿನ ಟೋ ಸರಿಮಾಡಲು ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಇದ್ದೇ ಇದೆ, ಹೊಸ ಪಾರ್ಟ್ ಬೇಕಿಲ್ಲ. ಹಿಂದೆ ಮಲ್ಟಿಲಿಂಕ್ (ಒಂದೊಂದು ಚಕ್ರವನ್ನೂ ಹಲವು ಆರ್ಮ್ ಹಿಡಿದಿರುವ ಜೋಡಣೆ) ಇದ್ದರೆ ಕಂಪನಿಯೇ ಕೊಟ್ಟ ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ಆರ್ಮ್ ಸರಿಯುವಂಥದ್ದು) ಇರಬಹುದು. ಅದನ್ನು ಕೊನೆಯವರೆಗೆ ತಿರುಗಿಸಿದರೂ ಟೋ ದಾರಿಗೆ ಬರದಿದ್ದಾಗ ಮಾತ್ರ ಅಡ್ಜಸ್ಟಬಲ್ ಟೋ ಆರ್ಮ್ ಕೊಳ್ಳಿ. ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಇರುವ ಕಾರಿನಲ್ಲಿ ತಗ್ಗಿಸಿದ್ದರಿಂದ ಟೋ, ಕ್ಯಾಂಬರ್ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಅಲ್ಲಿ ಹಿಂದಿನ ಟೈರ್ ವಕ್ರವಾಗಿ ಸವೆದರೆ ಬೀಮ್ ಬಾಗಿದೆಯೋ ಹಬ್ ಬೇರಿಂಗ್ ಹೋಗಿದೆಯೋ ನೋಡಬೇಕು.

ಟೋ ಸರಿಯಾದ ಮೇಲೂ ಕ್ಯಾಂಬರ್ ಮೈನಸ್ 2ರ ಒಳಗಿದ್ದರೆ ಬಿಟ್ಟುಬಿಡಿ. 2.5 ದಾಟಿದ್ದು, ಕಾರು ದಿನನಿತ್ಯದ ಓಡಾಟದ್ದಾದರೆ ಪಾರ್ಟ್ ಹುಡುಕಬಹುದು.

ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇದ್ದರೆ ಎಲ್ಲಕ್ಕಿಂತ ಅಗ್ಗ ಕ್ಯಾಂಬರ್ ಬೋಲ್ಟ್. ಸ್ಟ್ರಟ್ಟನ್ನು ಚಕ್ರದ ಹಬ್ ಹೊತ್ತಿರುವ ನಕಲ್‌ಗೆ ಹಿಡಿದಿರುವ ಎರಡು ಬೋಲ್ಟುಗಳಲ್ಲಿ ಒಂದರ ಜಾಗಕ್ಕೆ ಇದು ಹೋಗುತ್ತದೆ. 1 ಡಿಗ್ರಿಗಿಂತ ತುಸು ಹೆಚ್ಚು ಸಿಗುತ್ತದೆ. ಕಾಂಡ ತೆಳು, ಹೀಗಾಗಿ ಹಳೆಯ ಬೋಲ್ಟಿನ ಟಾರ್ಕ್ ಇದಕ್ಕೆ ಹಾಕುವಂತಿಲ್ಲ, ಪ್ಯಾಕೆಟ್ಟಿನಲ್ಲಿ ಬರೆದಿರುವುದೇ ಲೆಕ್ಕ. ದೊಡ್ಡ ಗುಂಡಿಗೆ ಬಿದ್ದಾಗ ಇದು ಜಾರುವುದುಂಟು. ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ನಕಲ್‌ವರೆಗೆ ಬಿಳಿ ಪೇಂಟಿನ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಜಾರಿದೆ ಎಂದೇ ಅರ್ಥ. ಇನ್ನೊಂದು ಆಯ್ಕೆ ಕ್ಯಾಂಬರ್ ಪ್ಲೇಟ್. ಇದು ಸ್ಟ್ರಟ್ಟನ್ನು ಮೇಲಿನಿಂದಲೇ ಸರಿಸುವುದರಿಂದ ಟೈರಿಗೂ ಸ್ಟ್ರಟ್ಟಿಗೂ ನಡುವಿನ ಸಂದು ಹಾಗೇ ಉಳಿಯುತ್ತದೆ. ಬೋಲ್ಟಿನಲ್ಲಿ ಆ ಸಂದು ಬದಲಾಗುತ್ತದೆ. ಅಗಲ ಟೈರ್ ಹಾಕಿದವರಿಗೆ ಈ ವ್ಯತ್ಯಾಸ ಮುಖ್ಯ. ಆದರೆ ಪ್ಲೇಟಿನಲ್ಲಿ ರಬ್ಬರ್ ಬದಲು ಸ್ಫೆರಿಕಲ್ ಬೇರಿಂಗ್ ಇದ್ದರೆ ರಸ್ತೆಯ ಪ್ರತಿ ಕಲ್ಲೂ ಕ್ಯಾಬಿನ್ನಿಗೆ ಕೇಳಿಸುತ್ತದೆ. ಬರೀ ರಸ್ತೆಯ ಕಾರಿಗೆ ನಮ್ಮ ಮತ ಬೋಲ್ಟಿಗೆ.

ಹಿಂದೆ ಮಲ್ಟಿಲಿಂಕ್‌ನಲ್ಲಿ ಎರಡು ದಾರಿ. ಅಪ್ಪರ್ ಆರ್ಮ್ ಉದ್ದ ಮಾಡಿದರೆ ಚಕ್ರದ ತಲೆ ಹೊರಗೆ ಬರುತ್ತದೆ, ಅಂದರೆ ಮಡ್‌ಗಾರ್ಡ್ ಅಂಚಿಗೆ ಹತ್ತಿರವಾಗುತ್ತದೆ. ಲೋವರ್ ಆರ್ಮ್ ಗಿಡ್ಡ ಮಾಡಿದರೆ ಚಕ್ರದ ಬುಡ ಒಳಗೆ ಹೋಗುತ್ತದೆ, ಮಡ್‌ಗಾರ್ಡ್ ಸಂದು ಉಳಿಯುತ್ತದೆ. ಆದರೆ ಬಹಳ ಕಾರುಗಳಲ್ಲಿ ಸ್ಪ್ರಿಂಗ್ ಕೂರುವುದು ಇದೇ ಲೋವರ್ ಆರ್ಮ್ ಮೇಲೆ. ಅಲ್ಲಿಗೆ ಸ್ಪ್ರಿಂಗ್ ಬಟ್ಟಲಿಲ್ಲದ ಬರೀ ಕೊಳವೆ ಆರ್ಮ್ ನಡೆಯುವುದಿಲ್ಲ. ಕೊಳ್ಳುವ ಮೊದಲು ಕಾರಿನ ಕೆಳಗೆ ಇಣುಕಿ ಸ್ಪ್ರಿಂಗಿನ ಬುಡ ಎಲ್ಲಿದೆ ಎಂದು ನೋಡಿಬಿಡಿ.

ಹೊಸ ಆರ್ಮ್ ಕೂರಿಸುವಾಗ ಹಳೆಯದನ್ನು ಬಿಚ್ಚಿ ಪಕ್ಕದಲ್ಲಿಟ್ಟು, ಎರಡರ ತೂತುಗಳಿಗೂ ಬೋಲ್ಟ್ ತೂರಿಸಿ ಉದ್ದ ಸಮ ಮಾಡಿಕೊಳ್ಳಿ. ಹೀಗೆ ಮಾಡಿದರೆ ಅಲೈನ್‌ಮೆಂಟ್ ಅಂಗಡಿವರೆಗೆ ಕಾರು ನೆಟ್ಟಗೆ ಹೋಗುತ್ತದೆ. ಥ್ರೆಡ್ ಒಳಗೆ ಕೂತಿರುವ ಉದ್ದ ಅದರ ವ್ಯಾಸದ ಒಂದೂವರೆ ಪಟ್ಟಾದರೂ ಇರಲಿ. 16 ಮಿಮೀ ಥ್ರೆಡ್ಡಿಗೆ 24 ಮಿಮೀ. ಅಷ್ಟು ಉಳಿಯದಷ್ಟು ಎಳೆಯಬೇಕಾಗಿ ಬಂದರೆ ಆ ಆರ್ಮ್ ನಿಮ್ಮ ಎತ್ತರಕ್ಕೆ ಮಾಡಿದ್ದಲ್ಲ. ಕ್ಯಾಂಬರ್ ಮುಟ್ಟಿದ ಮೇಲೆ ಟೋ ಮತ್ತೆ ಅಳೆಯಲೇಬೇಕು, ಏಕೆಂದರೆ ಅದೂ ಜತೆಗೇ ಸರಿದಿರುತ್ತದೆ.

ಹಂಪ್ ಮೇಲೆ, ಗುಂಡಿಯಲ್ಲಿ ಟಕ್ ಟಕ್

ಸದ್ದು ಯಾವಾಗ ಬರುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರವಿದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ತಂತಿ ಮೀಟಿದಂತೆ ‘ಟಣ್’ ಎಂದರೆ ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ತಿರುಚಿಕೊಂಡು ಬಿಡಿಸಿಕೊಳ್ಳುತ್ತಿದೆ: ಟಾಪ್ ಮೌಂಟ್ ಬೇರಿಂಗ್ ತಲೆಕೆಳಗಾಗಿ ಕೂತಿದೆ, ಇಲ್ಲವೇ ಸ್ಪ್ರಿಂಗಿನ ತುದಿ ಬಟ್ಟಲಿನ ಮೆಟ್ಟಿಲಿಗೆ ಸೇರಿಲ್ಲ. ಸಣ್ಣ ಉಬ್ಬುಗಳ ಮೇಲೆ ನಿಧಾನಕ್ಕೆ ಹೋಗುವಾಗ ಕಟಕಟ ಎಂದರೆ ಮೊದಲ ಅನುಮಾನ ಸ್ಟೆಬಿಲೈಜರ್ ಲಿಂಕ್ ರಾಡ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಬಾರನ್ನು ಸ್ಟ್ರಟ್ಟಿಗೆ ಜೋಡಿಸುವ ಕಡ್ಡಿ) ಮೇಲೆ. ಬ್ರೇಕ್ ಹಿಡಿದಾಗ, ಬಿಟ್ಟಾಗ ಒಂದೊಂದೇ ಸಲ ‘ಧಡ್’ ಎಂದರೆ ಲೋವರ್ ಆರ್ಮ್ ಬುಷ್ (ಕೀಲಿನ ಮೆತ್ತೆ) ಅಥವಾ ಸಡಿಲ ಬೋಲ್ಟ್.

ಸ್ಪ್ಯಾನರ್ ಹಿಡಿದು ಲಾಕ್ ನಟ್‌ಗಳಿಂದ ಶುರುಮಾಡಿ. ಕಾಯಿಲ್‌ಓವರ್‌ನ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿಯ) ಕೆಳಗಿನ ಲಾಕ್ ರಿಂಗ್, ಸ್ಪ್ರಿಂಗ್ ಬಟ್ಟಲಿನ ಲಾಕ್ ರಿಂಗ್, ಆರ್ಮ್‌ಗಳ ಎರಡೂ ತುದಿಯ ಲಾಕ್ ನಟ್, ಟೈ ರಾಡ್ ಲಾಕ್ ನಟ್: ಹೊಸದಾಗಿ ಹಾಕಿದ ಪಾರ್ಟಿನ ಸದ್ದು ಹೆಚ್ಚಾಗಿ ಇಲ್ಲಿಯೇ ಸಿಗುತ್ತದೆ. ಕೊಳವೆ ಆರ್ಮ್‌ನ ಒಂದು ತುದಿಯ ಥ್ರೆಡ್ ಎಡಗೈ, ಅಂದರೆ ಉಲ್ಟಾ ದಿಕ್ಕಿಗೆ ಬಿಗಿಯಾಗುವಂಥದ್ದು ಆಗಿರುತ್ತದೆ. ತಿಳಿಯದೆ ಬಿಗಿ ಮಾಡಲು ಹೋಗಿ ಸಡಿಲಿಸಿದವರು ಕಡಿಮೆ ಇಲ್ಲ.

ಲಿಂಕ್ ರಾಡ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾರು ತಗ್ಗಿದಾಗ ಸ್ಟ್ರಟ್ಟಿನ ಜತೆ ಲಿಂಕ್ ಮೇಲೇರಿ ಸ್ಟೆಬಿಲೈಜರ್ ಬಾರ್‌ನ ತೋಳನ್ನು ಮೇಲಕ್ಕೆ ಎಳೆಯುತ್ತದೆ. ಆ ತೋಳು ಡ್ರೈವ್ ಶಾಫ್ಟ್‌ಗೋ ಟೈ ರಾಡ್‌ಗೋ ತಾಗುವಷ್ಟು ಹತ್ತಿರ ಬರುತ್ತದೆ. ತಾಗಿದ ಜಾಗದಲ್ಲಿ ಪೇಂಟ್ ಹೋಗಿ ಹೊಳೆಯುವ ಗುರುತು ಬಿದ್ದಿರುತ್ತದೆ, ಟಾರ್ಚ್ ಹಾಕಿದರೆ ಸಾಕು. ಗುರುತಿದ್ದರೆ ಅಡ್ಜಸ್ಟಬಲ್ ಲಿಂಕ್ ಬೇಕು. ನಾಲ್ಕೂ ಚಕ್ರ ನೆಲದಲ್ಲಿ ಅಥವಾ ರ‍್ಯಾಂಪ್ ಮೇಲೆ ಭಾರ ಹೊತ್ತಿರುವಾಗ ಒಂದು ಬದಿ ಕೂರಿಸಿ, ಇನ್ನೊಂದು ಬದಿಯ ಲಿಂಕನ್ನು ಅದರ ಪಿನ್ ಬೆರಳಲ್ಲೇ ತೂತಿಗೆ ಜಾರುವ ಉದ್ದಕ್ಕೆ ತಿರುಗಿಸಿ. ಸುತ್ತಿಗೆ ಬೇಕಾಯಿತು ಅಂದರೆ ಬಾರ್ ತಿರುಚಿಕೊಂಡೇ ನಿಂತಿದೆ. ಆಗ ಎಡಕ್ಕೂ ಬಲಕ್ಕೂ ಕಾರು ಬೇರೆ ಬೇರೆ ರೀತಿ ವಾಲುತ್ತದೆ.

ಇನ್ನು ಬುಷ್. ರಬ್ಬರ್ ಬುಷ್ ಇರುವ ಆರ್ಮ್ ಬೋಲ್ಟನ್ನು ಚಕ್ರ ತೂಗಾಡುತ್ತಿರುವಾಗಲೇ ಬಿಗಿ ಮಾಡಿದರೆ, ಕಾರು ಇಳಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಅದು ಕೆಲವೇ ತಿಂಗಳಲ್ಲಿ ಹರಿಯುತ್ತದೆ, ಅಲ್ಲಿಯವರೆಗೆ ಕಾರನ್ನು ಬೇಕಾದ ಎತ್ತರಕ್ಕೆ ಕೂರಲೂ ಬಿಡುವುದಿಲ್ಲ. ಬೋಲ್ಟನ್ನು ಸಡಿಲವಾಗಿ ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಟಾರ್ಕ್ ಕೊಡಿ. ಪಾಲಿಯೂರೆಥೇನ್ ಬುಷ್ ಕೀರಲು ದನಿ ಮಾಡಿದರೆ ಬಿಚ್ಚಿ ಸಿಲಿಕೋನ್ ಗ್ರೀಸ್ ಹಚ್ಚಿ. ಪೆಟ್ರೋಲಿಯಂ ಗ್ರೀಸ್ ಬೇಡ. ಒಂದೇ ಅಕ್ಷದಲ್ಲಿ ಅಲ್ಲದೆ ಅಡ್ಡಕ್ಕೂ ವಾಲಬೇಕಾದ ಜಾಗಕ್ಕೆ, ಉದಾಹರಣೆಗೆ ಹಿಂದಿನ ಟ್ರೇಲಿಂಗ್ ಆರ್ಮ್‌ನ ಮುಂತುದಿಗೆ, ಗಟ್ಟಿ ಪಾಲಿ ಬುಷ್ ಹಾಕಿದರೆ ಸಸ್ಪೆನ್ಷನ್ ಸಿಕ್ಕಿಕೊಂಡಂತೆ ಆಗುತ್ತದೆ. ಅಲ್ಲಿ ರಬ್ಬರ್ ಇಲ್ಲವೇ ಸ್ಫೆರಿಕಲ್ ಮಾತ್ರ. ಸ್ಫೆರಿಕಲ್ ಜಾಯಿಂಟ್ ಆರಿಸುವವರು ಧೂಳಿನ ಮುಚ್ಚಿಗೆ ಇರುವುದನ್ನೇ ತೆಗೆದುಕೊಳ್ಳಿ. ಮರಳು ಹೊಕ್ಕಮೇಲೆ ಅದರ ಆಯುಷ್ಯ ಮುಗಿದಂತೆ.

ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಬಾಲ್ ಜಾಯಿಂಟಿನಲ್ಲಿ ಆಟ ಕಂಡರೆ ಇಲ್ಲಿಗೆ ನಿಲ್ಲಿಸಿ. ಆ ಕಾರನ್ನು ಓಡಿಸದೆ ರಿಪೇರಿಗೆ ಕಳಿಸಬೇಕು.

ದಡಾರನೆ ಬಡಿಯುತ್ತದೆ, ಇಲ್ಲವೇ ಕಲ್ಲಿನಂತೆ ಗಟ್ಟಿ

ಶಾಕ್ ಅಬ್ಸಾರ್ಬರಿನ ಹೊಳೆಯುವ ರಾಡಿಗೆ ತೆಳು ಕೇಬಲ್ ಟೈ ಕಟ್ಟಿ, ಕೆಳಗಿನ ಸೀಲ್ ತನಕ ಜಾರಿಸಿ, ಎಂದಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಟೈ ಎಲ್ಲಿಗೆ ತಳ್ಳಲ್ಪಟ್ಟಿದೆಯೋ ಅಲ್ಲಿಯವರೆಗೆ ಶಾಕ್ ಒತ್ತಿಕೊಂಡಿದೆ. ಬಂಪ್ ಸ್ಟಾಪ್‌ಗೆ (ಶಾಕ್ ಪೂರ್ತಿ ಒತ್ತಿಹೋಗದಂತೆ ತಡೆಯುವ ಮೆತ್ತೆಗೆ) ಇನ್ನೂ 15–20 ಮಿಮೀ ಇದ್ದರೆ ಸುಖ. ಬಂಪ್ ಸ್ಟಾಪ್ ಒಳಕ್ಕೇ ಹೊಕ್ಕಿದ್ದರೆ ಓಡಾಡುವ ಜಾಗವೇ ಸಾಲುತ್ತಿಲ್ಲ, ಶಾಕ್ ಎಷ್ಟು ಗಟ್ಟಿ ಎಂದು ಹೊಂದಿಸುವ ನಾಬಿನ ಕ್ಲಿಕ್ ತಿರುಗಿಸಿ ಪ್ರಯೋಜನವಿಲ್ಲ.

ಸ್ಪ್ರಿಂಗ್ ಬಟ್ಟಲು ಇಳಿಸಿ ತಗ್ಗಿಸುವ ಕಾಯಿಲ್‌ಓವರ್‌ನಲ್ಲಿ ತಗ್ಗಿಸಿದಷ್ಟೂ ಈ ಜಾಗ ಕರಗುತ್ತದೆ. ಕೆಳಗಿನ ಬ್ರ್ಯಾಕೆಟ್ ಪ್ರತ್ಯೇಕವಾಗಿ ತಿರುಗುವ ಮಾದರಿಯಲ್ಲಿ ಶಾಕ್‌ನ ಜಾಗ ಮುಟ್ಟದೆ ಎತ್ತರ ಬದಲಿಸಬಹುದು. 30 ಮಿಮೀಗಿಂತ ಹೆಚ್ಚು ಇಳಿಸುವವರಿಗೆ ಎರಡನೆಯದೇ ಸರಿ. ಈಗಾಗಲೇ ಮೊದಲನೆಯದು ಇದ್ದರೆ 10–15 ಮಿಮೀ ಎತ್ತರಿಸಿ ಮತ್ತೆ ಕೇಬಲ್ ಟೈ ನೋಡಿ. ಕಣ್ಣಿಗೆ ಅಷ್ಟೇನೂ ಕಾಣದ ಈ 10 ಮಿಮೀಯೇ ಎಷ್ಟೋ ಪಾರ್ಟುಗಳ ಖರ್ಚು ಉಳಿಸುತ್ತದೆ. ಹಿಂದೆ ಸ್ಪ್ರಿಂಗ್ ಆರ್ಮ್‌ನ ನಡುವೆ ಎಲ್ಲೋ ಕೂತಿದ್ದರೆ ಲೆಕ್ಕ ಬೇರೆ: ಸ್ಪ್ರಿಂಗಿನಲ್ಲಿ 10 ಮಿಮೀ ತಿರುಗಿಸಿದರೆ ಚಕ್ರದಲ್ಲಿ 14 ಮಿಮೀ ಆಗಬಹುದು. ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಬಂಪ್ ಸ್ಟಾಪ್ ಕತ್ತರಿಸಬೇಡಿ; ಆಮೇಲೆ ಲೋಹಕ್ಕೆ ಲೋಹ ಬಡಿದು ಶಾಕ್ ಒಳಗೆ ಮುರಿಯುತ್ತದೆ.

ಜಾಗ ಸಾಕಷ್ಟಿದ್ದೂ ಗಟ್ಟಿ ಎನಿಸಿದರೆ ಕ್ಲಿಕ್ ನೋಡಿ. ನಾಬನ್ನು ನಿಧಾನಕ್ಕೆ ಪೂರ್ತಿ ಗಟ್ಟಿ ಕಡೆಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಮಧ್ಯಕ್ಕೆ ತನ್ನಿ. ತುದಿಯಲ್ಲಿ ಬಲ ಹಾಕಿದರೆ ಒಳಗಿನ ಸೂಜಿ ಕೆಡುತ್ತದೆ. ಎಡ ಬಲ ಒಂದೇ ಎಣಿಕೆ ಇರಲಿ, ಒಂದು ಸಲಕ್ಕೆ ಎರಡು ಕ್ಲಿಕ್ ಸಾಕು. ಮೂಲೆ ಒತ್ತಿ ಬಿಟ್ಟಾಗ ಕಾರು ಒಂದು ಸಲ ಎದ್ದು ಕೂತರೆ ಸರಿ, ಎರಡು ಮೂರು ಸಲ ಕುಣಿದರೆ ಶಾಕ್ ಸೋತಿದೆ. ಎಣ್ಣೆಯ ತೆಳು ಪಸೆಗೆ ಹೆದರಬೇಡಿ; ತೊಟ್ಟಿಕ್ಕುತ್ತಿದ್ದರೆ ಶಾಕ್ ಬದಲಿಸಿ. ಗ್ಯಾಸ್ ತುಂಬಿದ ಶಾಕ್ ಅನ್ನು ಬಿಸಿ ಮಾಡುವುದಾಗಲಿ ಕೊರೆಯುವುದಾಗಲಿ ಕೂಡದು.

ಉಬ್ಬುತಗ್ಗಿನಲ್ಲಿ ಕಾರು ತಾನಾಗಿ ದಾರಿ ಬದಲಿಸುತ್ತದೆ

ಸ್ಟೀರಿಂಗ್ ನೆಟ್ಟಗೆ ಹಿಡಿದಿದ್ದರೂ ಅಲೆಅಲೆಯಾದ ರಸ್ತೆಯಲ್ಲಿ ಮೂತಿ ಆಚೀಚೆ ಹಾರಿದರೆ ಅದು ಬಂಪ್ ಸ್ಟಿಯರ್. ಕಾರಿನ ಮುಂದೆ ನೆಲಕ್ಕೆ ಬಗ್ಗಿ ಲೋವರ್ ಆರ್ಮ್, ಟೈ ರಾಡ್ ಎರಡನ್ನೂ ಒಟ್ಟಿಗೆ ನೋಡಿ. ಅವು ಹೆಚ್ಚುಕಮ್ಮಿ ಒಂದೇ ಇಳಿಜಾರಿನಲ್ಲಿರಬೇಕು. ಆರ್ಮ್ ಹೊರತುದಿ ಒಳತುದಿಗಿಂತ ಮೇಲೆ ಹೋಗಿದ್ದರೆ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವುದರ ಸುತ್ತ ವಾಲುತ್ತದೋ ಆ ಬಿಂದು) ಕಾರಿನ ತೂಕದ ಕೇಂದ್ರಕ್ಕಿಂತ ಜಾಸ್ತಿ ಕೆಳಗೆ ಇಳಿದಿದೆ. ಅದಕ್ಕೇ ಗಟ್ಟಿ ಸ್ಪ್ರಿಂಗ್ ಹಾಕಿದರೂ ತಿರುವಿನಲ್ಲಿ ಕಾರು ಮೊದಲಿಗಿಂತ ಹೆಚ್ಚು ವಾಲಿದಂತೆ ಅನಿಸುವುದು.

ಇದಕ್ಕೆ ಉದ್ದ ಪಿನ್ನಿನ ಬಾಲ್ ಜಾಯಿಂಟ್ ಸಿಗುತ್ತದೆ. ಆರ್ಮ್‌ನ ಹೊರತುದಿಯನ್ನು ಕೆಳಗಿಳಿಸುತ್ತದೆ. ಅದೊಂದನ್ನೇ ಹಾಕಿ ಟೈ ರಾಡ್ ಎಂಡ್ ಹಳೆಯದೇ ಬಿಟ್ಟರೆ ಎರಡರ ಇಳಿಜಾರು ಬೇರೆಯಾಗಿ ಬಂಪ್ ಸ್ಟಿಯರ್ ಇನ್ನೂ ಕೆಡುತ್ತದೆ. ಎರಡನ್ನೂ ಜೊತೆಯಾಗಿಯೇ ಕೊಳ್ಳಿ, ರಿಮ್ಮಿನ ಒಳಮೈಗೆ ಎಷ್ಟು ಸಂದು ಉಳಿಯುತ್ತದೆ ಎಂದು ಮೊದಲೇ ಅಳೆಯಿರಿ. ಉದ್ದ ಪಿನ್ನಿಗೆ ಬಾಗಿಸುವ ಬಲ ಹೆಚ್ಚು ಬೀಳುವುದರಿಂದ ಇಲ್ಲಿ ಅಗ್ಗದ ಮಾಲು ಬೇಡವೇ ಬೇಡ. ಕೂರಿಸುವುದು ಅನುಭವಸ್ಥರ ಕೆಲಸ.

ಒಂದು ಕಡೆ ಎಳೆಯುತ್ತದೆ, ಸ್ಟೀರಿಂಗ್ ಸೊಟ್ಟ

ಮುಂದಿನ ಎರಡು ಟೈರ್ ಅದಲು ಬದಲು ಮಾಡಿ. ತಿರುಗುವ ದಿಕ್ಕು ಗುರುತಿಸಿದ ಟೈರಾದರೆ ಈ ಉಪಾಯ ಬೇಡ. ಎಳೆತವೂ ಬದಿ ಬದಲಿಸಿದರೆ ಟೈರಿನದೇ ತಪ್ಪು. ಬದಲಿಸದಿದ್ದರೆ ಎಡ ಬಲ ಕ್ಯಾಂಬರ್ ಹೋಲಿಸಿ. ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಡಿಮೆ ಮೈನಸ್ ಇರುವ ಬದಿಗೆ, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ವ್ಯತ್ಯಾಸವಾದರೆ ಕಡಿಮೆ ಇರುವ ಬದಿಗೆ ಕಾರು ಎಳೆಯುತ್ತದೆ. ಎಳೆತವಿಲ್ಲದೆ ಸ್ಟೀರಿಂಗ್ ಮಾತ್ರ ಸೊಟ್ಟಗಿದ್ದರೆ ಹಿಂದಿನ ಚಕ್ರಗಳ ಟೋ ಎಡ ಬಲ ಸಮ ಇಲ್ಲದಿರಬಹುದು. ಅದಕ್ಕೇ ಅಲೈನ್‌ಮೆಂಟ್ ಹಿಂದಿನಿಂದ ಮುಂದಕ್ಕೆ, ಕ್ಯಾಸ್ಟರ್, ಕ್ಯಾಂಬರ್, ಕೊನೆಗೆ ಟೋ ಎಂಬ ಕ್ರಮದಲ್ಲೇ ಆಗಬೇಕು. ಹಿಂದೆ ಗಟ್ಟಿ ಆಕ್ಸಲ್ ಮತ್ತು ಪ್ಯಾನಾರ್ಡ್ ರಾಡ್ (ಆಕ್ಸಲನ್ನು ಅಡ್ಡಡ್ಡ ಬಾಡಿಗೆ ಹಿಡಿದಿರುವ ಕಡ್ಡಿ) ಇದ್ದರೆ ತಗ್ಗಿಸಿದಾಗ ಆಕ್ಸಲ್ ಕೆಲವು ಮಿಮೀ ಒಂದು ಬದಿಗೆ ಸರಿಯುತ್ತದೆ. ಎರಡೂ ಕಡೆ ಟೈರಿನಿಂದ ಚಾಸಿಗೆ ಅಳೆದು ನೋಡಿ. ಅಡ್ಜಸ್ಟಬಲ್ ಪ್ಯಾನಾರ್ಡ್ ರಾಡ್ ಇರುವುದು ಇದಕ್ಕೇ.

ಟೈರ್ ಉಜ್ಜುತ್ತದೆ

ಪೂರ್ತಿ ತಿರುಗಿಸಿದಾಗ ಮಾತ್ರ ಉಜ್ಜಿದರೆ ಒಳಗಿನ ಪ್ಲಾಸ್ಟಿಕ್ ಲೈನರ್ ಸಡಿಲವಾಗಿದೆಯೇ ನೋಡಿ. ಹಿಂದೆ ಜನ ಕೂತಾಗ ಉಜ್ಜಿದರೆ ಎತ್ತರ ಅಥವಾ ರಿಮ್ಮಿನ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತದೆ ಎನ್ನುವ ಅಳತೆ) ತಪ್ಪು. ಉಜ್ಜುವುದನ್ನು ತಪ್ಪಿಸಲೆಂದು ಕ್ಯಾಂಬರ್ ಇನ್ನಷ್ಟು ಮೈನಸ್ ಮಾಡುವುದು ಟೈರಿಗೆ ದುಬಾರಿ. ಬ್ರೇಕ್ ಹೋಸ್ ಅಥವಾ ಎಬಿಎಸ್ ವೈರಿಗೆ ಟೈರ್ ತಾಗಿದ ಗುರುತು ಕಂಡರೆ ಕಾರು ಅಲ್ಲೇ ನಿಲ್ಲಲಿ. ಹೋಸನ್ನು ಚಕ್ರ ತೂಗಾಡುವಾಗ, ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಮೂರೂ ಸ್ಥಿತಿಯಲ್ಲಿ ನೋಡಬೇಕು, ಎಲ್ಲೂ ಬಿಗಿಯಬಾರದು.

ಎಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಕ

ವೇಗ ಹಿಡಿದಾಗ ನಡುಗಿ, ಕಾಲು ತೆಗೆದರೆ ನಿಲ್ಲುತ್ತದೆ ಅಂದರೆ ಚಕ್ರದ ಬ್ಯಾಲೆನ್ಸ್ ಅಲ್ಲ, ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ವಕ್ರ ಕೋನದಲ್ಲಿ ಕೆಲಸ ಮಾಡುತ್ತಿದೆ. ರಬ್ಬರ್ ಬೂಟ್ ಹರಿದಿಲ್ಲ ಎಂದಾದರೆ 15 ಮಿಮೀ ಎತ್ತರಿಸಿ ಓಡಿಸಿ. ನಡುಕ ಕಡಿಮೆಯಾದರೆ ಉತ್ತರ ಸಿಕ್ಕಿತು. ಬಿಡಿ ಪಾರ್ಟ್ ಹುಡುಕುವ ಜಾಗ ಇದಲ್ಲ.

ಎಲ್ಲ ಮುಗಿದ ಮೇಲೆ

ಹೊಸ ಸ್ಪ್ರಿಂಗ್ ಕೆಲವು ಮಿಮೀ ಇಳಿದು ಕೂರುತ್ತದೆ. 100 ಕಿಮೀ ಆದಮೇಲೆ ಎಲ್ಲ ಬೋಲ್ಟ್, ಲಾಕ್ ನಟ್ ಟಾರ್ಕ್ ರೆಂಚಿನಲ್ಲಿ ಮತ್ತೊಮ್ಮೆ ನೋಡಿ. ಪೇಂಟಿನ ಗೆರೆ ಎಳೆದಿದ್ದರೆ ಕಣ್ಣೇ ಸಾಕು. 300 ಕಿಮೀ ಹೊತ್ತಿಗೆ ಎತ್ತರ, ಟೋ ಮರಳಿ ಅಳೆಯಿರಿ. ಅಲೈನ್‌ಮೆಂಟ್ ನಂತರ ಸ್ಟೆಬಿಲಿಟಿ ಕಂಟ್ರೋಲ್ ದೀಪ ಉರಿದರೆ ಸ್ಟೀರಿಂಗ್ ಆ್ಯಂಗಲ್ ಸೆನ್ಸರನ್ನು ಸ್ಕ್ಯಾನರ್‌ನಲ್ಲಿ ಶೂನ್ಯಕ್ಕೆ ತರಬೇಕು. ಮುಂಗಾಜಿನಲ್ಲಿ ಲೇನ್ ನೋಡುವ ಕ್ಯಾಮೆರಾ ಇದ್ದರೆ ಅದಕ್ಕೂ ಕ್ಯಾಲಿಬ್ರೇಷನ್ ಬೇಕಾಗಬಹುದು. ಹೆಡ್‌ಲೈಟ್ ತಾನೇ ಏರಿಳಿಯುವ ಕಾರಾದರೆ ಹಿಂದಿನ ಆರ್ಮ್‌ಗೆ ಕಟ್ಟಿದ ಪುಟ್ಟ ಸೆನ್ಸರ್ ಕಡ್ಡಿ, ಹಿಂಭಾಗ ಭಾರದಿಂದ ಕುಸಿದಿದೆ ಎಂದು ತಿಳಿದು ಬೆಳಕನ್ನು ಮೂತಿಯ ಮುಂದಕ್ಕೇ ಇಳಿಸುತ್ತದೆ. ಆ ಕಡ್ಡಿಗೂ ಅಡ್ಜಸ್ಟಬಲ್ ಸಿಗುತ್ತದೆ. ಅದನ್ನು ಕೂರಿಸಿ, ಕತ್ತಲಾದ ಮೇಲೆ ಗೋಡೆಯ ಮುಂದೆ ನಿಲ್ಲಿಸಿ ಬೆಳಕಿನ ಅಂಚು ಹೊಂದಿಸಿಕೊಳ್ಳಿ.